ಬಾಯಿಮಾತು ನಡೆಯತಕ್ಕದ್ದಲ್ಲ

ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ನನಗೆ ಕೆಲಸ ಸಿಕ್ಕದ್ದೂ ಅದೇ ವರ್ಷ. ಹೊಸ ಜಿಲ್ಲೆಯ ಸಡಗರದಲ್ಲಿ ಊರಿನ ಎಲ್ಲರ ಪಾಲಿಗೂ ಏನಾದರೊಂದು ಬಂತು. ಕೆಲವರಿಗೆ ಕಚೇರಿಯಲ್ಲಿ ಕುರ್ಚಿ, ಕೆಲವರಿಗೆ ಕಚೇರಿಯ ಎದುರು ಝೆರಾಕ್ಸ್ ಅಂಗಡಿ. ನನ್ನ ಪಾಲಿಗೆ ಬಂದದ್ದು ಒಂದು ಧರ್ಮಾರ್ಥ ಆಸ್ಪತ್ರೆಯ ದಾಖಲೆ ಕೋಣೆ. ಸಂಸ್ಥೆಯ ಹೆಸರು ಬೇಡ. ಅದಕ್ಕೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆ ಒಂದೊಂದು ಸಣ್ಣ ಆಸ್ಪತ್ರೆ ಇತ್ತು ಎಂದರೆ ಸಾಕು. ಡಾಕ್ಟರುಗಳು ಒಳ್ಳೆಯವರು, ಔಷಧ ಅಗ್ಗ, ಕಾಗದಪತ್ರ ಮಾತ್ರ ದೇವರಿಗೇ ಪ್ರೀತಿ.

ಯಾವ ಕಾಗದ ಯಾರದು ಎಂದು ಗುರುತಿಸುವ ವಿಷಯದಲ್ಲಿ ನಾಲ್ಕು ಆಸ್ಪತ್ರೆಗಳಿಗೂ ನಾಲ್ಕು ಮತ. ಕೊಪ್ಪಳದಲ್ಲಿ ನಾವು ಪ್ರತಿ ಜನವರಿಗೆ ಮತ್ತೆ ಒಂದರಿಂದ ನಂಬರು ಶುರು ಮಾಡುತ್ತಿದ್ದೆವು. ಗಂಗಾವತಿಯವರು ಯುಗಾದಿಗೆ ಶುರು ಮಾಡುತ್ತಿದ್ದರು. ಕುಷ್ಟಗಿಯವರು ಊರಿಗೊಂದು ರಟ್ಟಿನ ಪೆಟ್ಟಿಗೆ ಇಟ್ಟು, ಮೇಲೆ ಊರ ಹೆಸರು ಬರೆದು ಕೈತೊಳೆದುಕೊಂಡಿದ್ದರು. ಯಲಬುರ್ಗಾದಲ್ಲಿ ನಂಬರೇ ಇರಲಿಲ್ಲ. ಅಲ್ಲಿನ ಕಾಂಪೌಂಡರು ಬಂದವರ ಮುಖ ನೋಡಿ, “ನಿಮ್ಮಪ್ಪಂದು ದಮ್ಮಿನ ಕಾಗದ ಅಲ್ಲೇನ” ಎನ್ನುತ್ತ ಕಪಾಟಿನಿಂದ ಸರಿಯಾದ ಕಾಗದವನ್ನೇ ಎಳೆದು ಕೊಡುತ್ತಿದ್ದರು. ಇದು ಅವೈಜ್ಞಾನಿಕ ಎಂದು ನಾವು ಮುಂದೆ ಠರಾವು ಮಾಡಿದೆವು. ಅವರ ಕಾಲದಲ್ಲಿ ಒಬ್ಬರ ಕಾಗದ ಇನ್ನೊಬ್ಬರ ಕೈಗೆ ಹೋದ ಉದಾಹರಣೆ ಬೇಕಿತ್ತು, ಹುಡುಕಿದೆವು, ಸಿಗಲಿಲ್ಲ. ಠರಾವಿನಲ್ಲಿ ಆ ವಿಷಯ ಬರೆಯಲಿಲ್ಲ.

ಹತ್ತು ಹನ್ನೆರಡು ವರ್ಷ ಹೀಗೇ ನಡೆದ ಮೇಲೆ ಕಂಪ್ಯೂಟರುಗಳು ಬಂದವು. ಅವುಗಳ ಹಿಂದೆಯೇ ಒಂದು ಆಸೆಯೂ ಬಂತು. ಕುಷ್ಟಗಿಯಲ್ಲಿ ತೋರಿಸಿಕೊಂಡ ರೋಗಿ ನಾಳೆ ಗಂಗಾವತಿಗೆ ಹೋದರೆ ಅವನ ಹಿಂದಿನದೆಲ್ಲ ಅಲ್ಲಿಯ ಪರದೆಯ ಮೇಲೆ ಕಾಣಬೇಕು, ನಾಲ್ಕು ಆಸ್ಪತ್ರೆಗೂ ಒಂದೇ ದಾಖಲೆ ಇರಬೇಕು. ಆ ದಾಖಲೆ ಹೇಗಿರಬೇಕು, ಯಾರು ಬರೆಯಬೇಕು, ಯಾರು ತಿದ್ದಬೇಕು ಎಂದು ನಿಯಮ ಮಾಡಲು ಒಂದು ಸಮಿತಿ ಆಯಿತು. ಅದರ ಪೂರ್ತಿ ಹೆಸರು ಲೆಟರ್‌ಹೆಡ್ಡಿನಲ್ಲಿ ಎರಡು ಸಾಲು ಹಿಡಿಯುತ್ತಿತ್ತು. ಜನ ನಂಬರ್ ಕಮಿಟಿ ಎಂದರು. ನಿವೃತ್ತ ಡಾಕ್ಟರೊಬ್ಬರು ಅಧ್ಯಕ್ಷರು. ಗಂಗಾವತಿಯಿಂದ ಔಷಧ ವಿಭಾಗದವರೊಬ್ಬರು, ಕುಷ್ಟಗಿಯಿಂದ ಹಿರಿಯ ನರ್ಸೊಬ್ಬರು ಸದಸ್ಯರು. ಯಲಬುರ್ಗಾದಿಂದ ಯಾರೂ ಇರಲಿಲ್ಲ, ಏಕೆಂದರೆ ಕಾಂಪೌಂಡರನ್ನು ಕರೆದರೆ ಅವರು ಬಸ್ಸಿನ ನೆಪ ಹೇಳಿ ತಪ್ಪಿಸಿಕೊಂಡರು. ನಾನು ಕಾರ್ಯದರ್ಶಿ. ಯೋಗ್ಯತೆ ಏನೆಂದರೆ ನನ್ನ ಅಕ್ಷರ ದುಂಡಗಿತ್ತು ಮತ್ತು ‘ತಕ್ಕದ್ದು’ ಎಂದು ವಾಕ್ಯ ಮುಗಿಸುವುದು ನನಗೆ ಚೆನ್ನಾಗಿ ಬರುತ್ತಿತ್ತು.

ಮೊದಲ ಸಭೆ ಒಗ್ಗರಣೆ ಮಂಡಕ್ಕಿ, ಮಿರ್ಚಿಯೊಂದಿಗೆ ಮಧ್ಯಾಹ್ನದವರೆಗೆ ನಡೆಯಿತು. ರೋಗಿಯ ಹೆಸರು ಮೊದಲೋ ಊರ ಹೆಸರು ಮೊದಲೋ ಎಂಬುದು ಇತ್ಯರ್ಥವಾಗಲಿಲ್ಲ. ಎರಡನೆಯ ಸಭೆಯಲ್ಲಿ ಗಂಗಾವತಿಯವರು, ತಮ್ಮ ಕಡೆ ಕಾಲುವೆ ನೀರಾವರಿ ಇರುವುದರಿಂದ ತಮ್ಮ ನಂಬರುಗಳ ಮೊದಲ ಅಂಕಿ ಬೇರೆ ಇರಬೇಕೆಂದರು. ನೀರಿಗೂ ನಂಬರಿಗೂ ಏನು ಸಂಬಂಧ ಎಂದು ನಾನು ಕೇಳಿದೆ. “ಸೀಜನ್ನಿನ್ಯಾಗ ನಮ್ಮಲ್ಲಿ ಗದ್ದಿ ಕೆಲಸಕ್ಕ ಎಲ್ಲಾ ಕಡಿಂದ ಜನ ಬರ್ತಾರ್ರಿ, ಅವ್ರು ನಮ್ಮವ್ರಲ್ಲ” ಎಂದರು. ಹಂಚಿಕೊಳ್ಳುವ ದಾಖಲೆ ಮಾಡಲು ಕೂತವರಲ್ಲಿ ನಮ್ಮವರು ಯಾರು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಕೊನೆಗೆ ಪ್ರತಿ ದೊಡ್ಡವರಿಗೂ ಒಂದು ಹಸಿರು ಕಾರ್ಡು, ಕಾರ್ಡಿಗೊಂದು ನಂಬರು, ನಾಲ್ಕೂ ಊರಿಗೆ ಅದೇ ನಂಬರು ಎಂದು ತೀರ್ಮಾನವಾಯಿತು. ಕಾರ್ಡಿಗೆ ಫೋಟೊ ಬೇಕೆ ಎಂಬ ಚರ್ಚೆ ಇನ್ನೆರಡು ಸಭೆಗಳನ್ನು ತಿಂದಿತು. ನಾಲ್ಕು ವರ್ಷಕ್ಕೆ ಮುಖ ಬದಲಾಗುತ್ತದೆ, ನಂಬರು ಬದಲಾಗುವುದಿಲ್ಲ ಎಂದು ಅಧ್ಯಕ್ಷರು ಹೇಳಿದ್ದು ನಮಗೆಲ್ಲ ಭಾರಿ ಹಿಡಿಸಿ, ಫೋಟೊ ಬೇಡ ಎಂದು ಬರೆದೆ.

ಆಮೇಲೆ ತಿದ್ದುಪಡಿಯ ನಿಯಮ ಬಂತು. ಒಬ್ಬ ರೈತ ಮೂರು ಸಲ ಬಂದು ಮೂರು ವಯಸ್ಸು ಹೇಳಿದ್ದ. ಪ್ರತಿ ಸಲ ಹೇಳಿದಂತೆ ತಿದ್ದುತ್ತ ಹೋದ ಗುಮಾಸ್ತ ಅವನನ್ನು ಅವನ ಮಗನಿಗಿಂತ ಕಿರಿಯನನ್ನಾಗಿ ಮಾಡಿದ್ದ. ಇದಕ್ಕೆ ಕಡಿವಾಣ ಬೇಕೆಂದು ನಾನು ಒಂದು ವಾಕ್ಯ ಬರೆದೆ. ‘ರೋಗಿಯ ಬಾಯಿಮಾತಿನ ಮೇಲೆ ದಾಖಲೆಯನ್ನು ತಿದ್ದತಕ್ಕದ್ದಲ್ಲ.’ ಎಷ್ಟು ಚೆಂದದ ವಾಕ್ಯ ಅನ್ನಿಸಿತೆಂದರೆ, ಓದಿ ಮುಗಿಸಿದ ಮೇಲೆ ಸುತ್ತ ಕೂತವರ ಮುಖ ನೋಡಿದೆ. ಕುಷ್ಟಗಿಯ ನರ್ಸ್ ಮಾತ್ರ ಮಿರ್ಚಿಯ ಎಣ್ಣೆಯನ್ನು ಕಾಗದಕ್ಕೆ ಒರೆಸುತ್ತ ಕೇಳಿದರು.

“ಬಾಯಿಮಾತು ನಡ್ಯಂಗಿಲ್ಲಂದ್ರ ನಾವು ಅವರನ್ನ ಕೇಳೂದರ ಯಾಕ್ರಿ? ಎಲ್ಲಿ ನೋವು ಐತಿ ಅಂತ ಕೇಳಿದ್ರ ಅವ್ರು ಬಾಯಿಲೇನ ಹೇಳ್ಬೇಕಲ್ರಿ.”

“ಸಿಸ್ಟರ್, ಇದು ನೋವಿನ ಪ್ರಶ್ನೆ ಅಲ್ರಿ, ದಾಖಲೆ ಪ್ರಶ್ನೆ” ಎಂದೆ. ಅಧ್ಯಕ್ಷರು ನಕ್ಕರು. ಆಕೆ ನಗಲಿಲ್ಲ. ನಿಯಮ ಪಾಸಾಯಿತು.

ಇದಕ್ಕೆ ಜೊತೆಯಾಗಿ ಇನ್ನೊಂದು ನಿಯಮವನ್ನೂ ಮಾಡಿದೆವು. ವರ್ಷಕ್ಕೊಮ್ಮೆ ನಮ್ಮ ಕಾರ್ಯಕರ್ತೆ ಮನೆ ಮನೆಗೆ ಹೋಗಿ ದಾಖಲೆಯಲ್ಲಿ ಇರುವುದನ್ನು ಓದಿ ಹೇಳಿ, ಮನೆಯವರು ಹೌದು ಎಂದರೆ ಅದಕ್ಕೆ ‘ಖಚಿತ’ ಎಂದು ಗುರುತು ಹಾಕಬೇಕು. ಅಂದರೆ ದಾಖಲೆಗೆ ಒಪ್ಪಿಗೆ ಕೊಡಲು ಬಾಯಿಮಾತು ನಡೆಯುತ್ತದೆ, ತಕರಾರಿಗೆ ನಡೆಯುವುದಿಲ್ಲ. ಇದರಲ್ಲಿ ಏನೋ ಸರಿಯಿಲ್ಲ ಎಂದು ಆಗ ನಮಗೆ ಯಾರಿಗೂ ಅನ್ನಿಸಲಿಲ್ಲ. ಇಂಥ ನಿಯಮದ ಕೆಳಗೇ ನಾವೆಲ್ಲ ಬಾಳುತ್ತಿದ್ದುದರಿಂದ ಹೊಸದಾಗಿ ಕಂಡಿರಲಿಕ್ಕಿಲ್ಲ.

ಮೂರು ನಾಲ್ಕು ವರ್ಷ ಕಳೆದ ಮೇಲೆ ಬೇರೆ ಜಿಲ್ಲೆಗಳಿಂದ ಕೆಲವರು ನಮ್ಮ ಪದ್ಧತಿ ನೋಡಲು ಬಂದರು. ಗೋಡೆಯ ಮೇಲೆ ಪರದೆ ಹಾಕಿ ನಾನು ತೋರಿಸಿದೆ. ರೋಗಿಯ ಗೌಪ್ಯ ಕಾಯಬೇಕೆಂದು ಹೆಸರು ಊರು ಮುಚ್ಚಿ ಬರೀ ನಂಬರು ತೋರಿಸುವ ನಿಯಮವನ್ನೂ ನಾನೇ ಬರೆದಿದ್ದೆ. ನಾಲ್ಕೂ ಆಸ್ಪತ್ರೆಗಳ ದಾಖಲೆ ಒಂದಕ್ಕೊಂದು ಕೂಡಿಸಿದಾಗ ಸಾಮಾನ್ಯವಾಗಿ ಏನಾದರೊಂದು ಎಡವಟ್ಟು ಇರುತ್ತಿತ್ತು. ಆದರೆ ಒಂದು ನಂಬರು ಮಾತ್ರ ಕಣ್ಣಿಗೆ ಕಟ್ಟುವಂತೆ ಕೂಡಿತ್ತು. ಹೆಣ್ಣುಮಗಳು, ಮೊದಲ ಹೆರಿಗೆ ಕುಷ್ಟಗಿಯಲ್ಲಿ, ಎರಡನೆಯದು ಯಲಬುರ್ಗಾದಲ್ಲಿ, ಎರಡೂ ಸಹಜ, ಕೂಸುಗಳ ತೂಕ ಸಹಿತ ನಮೂದು, ಮನೆ ಭೇಟಿಯಲ್ಲಿ ಖಚಿತ. ಒಂದು ಖಾನೆಯೂ ಖಾಲಿ ಇಲ್ಲ. ಮೊದಲ ಹೆರಿಗೆ ತವರಿನಲ್ಲಿ, ಎರಡನೆಯದು ಗಂಡನ ಮನೆಯಲ್ಲಿ, ನಮ್ಮ ಕಡೆಯ ಪದ್ಧತಿಗೆ ನಮ್ಮ ದಾಖಲೆ ಹೇಗೆ ಹೊಂದಿಕೊಂಡಿದೆ ನೋಡಿ ಎಂದು ನಾನು ಭಾಷಣ ಮಾಡಿದೆ. ಬಂದವರು ತಲೆದೂಗಿದರು. ಆಮೇಲೆ ಯಾರೇ ಬಂದರೂ ನಾನು ಅದೇ ನಂಬರು ತೋರಿಸುತ್ತಿದ್ದೆ.

ಇಷ್ಟಾಗುವಾಗ ನನ್ನ ಮನೆಯ ಒಂದು ಸಂಗತಿ ಹೇಳಬೇಕು. ನನಗೊಬ್ಬಳೇ ತಂಗಿ. ಯಲಬುರ್ಗಾ ತಾಲೂಕಿನ ಒಂದು ಊರಿಗೆ ಕೊಟ್ಟಿದ್ದೆವು. ಗಂಡ ಒಳ್ಳೆಯ ಮನುಷ್ಯ, ಎರೆಹೊಲದ ಒಕ್ಕಲುತನ, ಅಣ್ಣತಮ್ಮಂದಿರು ಕೂಡಿ ಇದ್ದ ಮನೆ. ಮದುವೆಯಾಗಿ ಆರು ವರ್ಷವಾದರೂ ಅವಳಿಗೆ ಮಕ್ಕಳಾಗಲಿಲ್ಲ. ಅಷ್ಟರಲ್ಲಿ ಮೈದುನನ ಮದುವೆಯಾಗಿ ಕುಷ್ಟಗಿ ಕಡೆಯ ಹುಡುಗಿ ನೆಗೆಣ್ಣಿಯಾಗಿ ಬಂದಳು. ಅವಳಿಗೆ ವರ್ಷದೊಳಗೆ ಮಗಳು, ಎರಡು ವರ್ಷ ಬಿಟ್ಟು ಮಗ. ಆ ಎರಡನ್ನೂ ಎಣ್ಣೆ ಹಚ್ಚಿ ಎರೆದವಳು, ಸಾಲಿಗೆ ಹಚ್ಚಿದವಳು, ಜ್ವರ ಬಂದರೆ ಎತ್ತಿಕೊಂಡು ಕೂತವಳು ನನ್ನ ತಂಗಿ. ಮಕ್ಕಳು ಅವಳನ್ನು ದೊಡ್ಡವ್ವ ಎನ್ನುತ್ತಿದ್ದವು. ಹೆತ್ತವ್ವ ಕರೆದರೆ ಓಡಿ ಹೋಗಿ ದೊಡ್ಡವ್ವನ ಸೆರಗು ಹಿಡಿಯುತ್ತಿದ್ದವು. ಬಸ್ಸಿನಲ್ಲಿ ಯಾರಾದರೂ ಹೆಂಗಸರು ಮಕ್ಕಳೆಷ್ಟು ಎಂದು ಕೇಳಿದರೆ ಅವಳು ಎರಡು ಎನ್ನುತ್ತಿದ್ದಳು. ನಾನು ಪಕ್ಕದಲ್ಲಿದ್ದಾಗಲೂ ಹಾಗೆ ಹೇಳಿದ್ದಾಳೆ. ನಾನು ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ. ಇಲ್ಲ ಎಂದು ಹೇಳಿದರೆ ಮುಂದಿನ ಪ್ರಶ್ನೆಗಳು ಏನೇನು ಬರುತ್ತವೆ ಎಂದು ಈ ಕಡೆಯ ಎಲ್ಲರಿಗೂ ಗೊತ್ತು.

ತನ್ನ ಚಿಕಿತ್ಸೆಗೆ ಅವಳು ನಮ್ಮ ಆಸ್ಪತ್ರೆಗೆ ಒಂದು ದಿನವೂ ಬರಲಿಲ್ಲ. “ನಿನ್ನ ಜೋಡಿ ಕೆಲಸ ಮಾಡವ್ರಿಗೆಲ್ಲ ಗೊತ್ತಾಗ್ತೈತಿ, ಬ್ಯಾಡ” ಎಂದು ಗಂಡನನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋಗುತ್ತಿದ್ದಳು. ನಾವು ಕೊಟ್ಟ ಹಸಿರು ಕಾರ್ಡು ಅವಳ ಟ್ರಂಕಿನಲ್ಲೇ ಇರುತ್ತಿತ್ತು.

ಹದಿನಾಲ್ಕನೆಯ ವರ್ಷಕ್ಕೆ, ಮೂವತ್ತೈದು ದಾಟಿದ ಮೇಲೆ, ಎಲ್ಲರೂ ಕೇಳುವುದನ್ನು ಬಿಟ್ಟ ಮೇಲೆ, ಅವಳು ಬಸುರಾದಳು. ಫೋನಿನಲ್ಲಿ ಹೇಳಿದಾಗ ನನಗೆ ಅಳು ಬಂತು. ಕೊಪ್ಪಳದ ಪಕ್ಕದ ಭಾಗ್ಯನಗರದ ನಮ್ಮ ಮನೆಯೇ ಅವಳ ತವರಾದ್ದರಿಂದ, ಸೀಮಂತದ ಕುಬಸ ಮುಗಿಸಿ ಏಳನೆಯ ತಿಂಗಳಲ್ಲಿ ಇಲ್ಲಿಗೆ ಕರೆತಂದೆ. ಅವಳ ಕಾಲು ಬಾತಿದ್ದವು. ಇನ್ನು ಹುಬ್ಬಳ್ಳಿಯವರೆಗೆ ಓಡಾಡುವುದು ಬೇಡ, ಸಂಕೋಚಕ್ಕೂ ಈಗ ಕಾರಣವಿಲ್ಲ ಎಂದು ಹೇಳಿ, ಮಾರನೆಯ ದಿನವೇ ನಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹಸಿರು ಕಾರ್ಡನ್ನು ನನ್ನ ಕೈಯಾರೆ ಕೌಂಟರಿನಲ್ಲಿ ಕೊಟ್ಟೆ.

ಪರೀಕ್ಷೆ ಮಾಡಿದ ಲೇಡಿ ಡಾಕ್ಟರು ಹೊಸಬರು, ಚುರುಕಾದವರು. ತಂಗಿಯನ್ನು ಹೊರಗೆ ಕೂಡಿಸಿ ನನ್ನನ್ನು ಒಳಗೆ ಕರೆದರು.

“ಬಿಪಿ ಭಾಳ ಐತ್ರಿ. ಈ ವಯಸ್ಸಿಗೆ ಇದು ಮೊದಲನೇ ಹೆರಿಗಿ ಅಂತ ಅವ್ರು ಹೇಳ್ತಾರ, ನನಗೂ ಹಂಗ ಅನ್ನಸ್ತೈತಿ. ಆದ್ರ ಸ್ಕ್ರೀನ್ ಮ್ಯಾಲ ಇದು ಮೂರನೇದು ಅಂತ ಬರಾಕತ್ತೈತಿ.”

ನಾನು ಬಗ್ಗಿ ನೋಡಿದೆ. ಮೊದಲ ಹೆರಿಗೆ ಕುಷ್ಟಗಿಯಲ್ಲಿ, ಎರಡನೆಯದು ಯಲಬುರ್ಗಾದಲ್ಲಿ, ಎರಡೂ ಸಹಜ, ಖಚಿತ. ಮೇಲಿದ್ದ ನಂಬರು ನೋಡಿದೆ. ನಾಲ್ಕಾರು ವರ್ಷ ಗೋಡೆಯ ಮೇಲೆ ದೊಡ್ಡದು ಮಾಡಿ ಊರೂರ ಜನಕ್ಕೆ ತೋರಿಸಿದ ನಂಬರು ಅದೇ ಆಗಿತ್ತು. ಹೆಸರಿನ ಜಾಗದಲ್ಲಿ ಈಗ ಮುಸುಕು ಇರಲಿಲ್ಲ, ನನ್ನ ತಂಗಿಯ ಹೆಸರಿತ್ತು.

ಏನಾಗಿದೆ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತಂಗಿಯನ್ನು ಕೇಳಿದರೆ ಅವಳು ಸಹಜವಾಗಿಯೇ ಹೇಳಿದಳು. ನೆಗೆಣ್ಣಿ ಮದುವೆಯಾಗಿ ಬಂದಾಗ ಆ ವರ್ಷದ ಕಾರ್ಡು ಕೊಡುವ ಶಿಬಿರ ಮುಗಿದಿತ್ತು. ಹೆರಿಗೆಗೆ ತವರಿಗೆ ಹೊರಟವಳಿಗೆ ಕಾರ್ಡು ಬೇಕಿತ್ತು. ಟ್ರಂಕಿನಲ್ಲಿ ಒಂದು ಸುಮ್ಮನೆ ಬಿದ್ದಿತ್ತು. ಮದುವೆಗೆ ಹೋಗುವಾಗ ಅಕ್ಕನ ರೇಷ್ಮೆ ಸೀರೆ ಕೇಳಿ ಉಟ್ಟುಕೊಂಡ ಹಾಗೆ ಕಾರ್ಡು ಕೇಳಿ ಒಯ್ದಿದ್ದಳು. ಮನೆ ಒಂದು, ಒಲೆ ಒಂದು, ಕಾರ್ಡು ಮಾತ್ರ ಬೇರೆ ಎಂಬ ವಿಚಾರ ಆ ಮನೆಯಲ್ಲಿ ಯಾರ ತಲೆಗೂ ಬಂದಿರಲಿಲ್ಲ.

“ಎರಡನೇದಕ್ಕರ ಅಕಿದ ಕಾರ್ಡ್ ಮಾಡಸ್ಬೇಕಿತ್ತಲ್ಲ” ಎಂದು ನಾನು ರೇಗಿದೆ.

“ಮಾಡ್ಸಿದ್ವಿ ಯಣ್ಣ. ಆದ್ರ ಮೊದಲನೇ ಹೆರಿಗಿ ಯಾವ ಕಾರ್ಡಿನ್ಯಾಗ ಆಗೇತಿ ಅದನ್ನ ತರ್ಬೇಕು ಅಂತ ನಿಮ್ಮ ದವಾಖಾನಿ ಬೋರ್ಡಿನ ಮ್ಯಾಲ ಬರದಿತ್ತಂತ. ಅದಕ್ಕ ಮತ್ತ ನಂದನ್ನ ಒಯ್ದಳು.”

ಆ ಬೋರ್ಡು ನಾನು ಬರೆಸಿದ್ದು. ಅದರಲ್ಲೂ ವಾಕ್ಯ ‘ತರತಕ್ಕದ್ದು’ ಎಂದೇ ಮುಗಿಯುತ್ತಿತ್ತು.

“ಮನಿಗೆ ಬಂದು ಕೇಳ್ದಾಗ ಏನು ಹೇಳಿದಿ?”

“ಆ ಹುಡುಗಿ ಬಂದು, ಯಕ್ಕ, ನಿಮಗ ಎರಡು ಮಕ್ಕಳು ಹೌದಲ್ರಿ ಅಂತ ಕೇಳಿದಳು. ಹೌದವ್ವ ಅಂದೆ.” ಕಾರ್ಡನ್ನು ಚೀಲಕ್ಕೆ ಹಾಕುತ್ತ, “ಪ್ರತಿ ವರ್ಷ ಕೇಳತಿದ್ದಳು. ಪ್ರತಿ ವರ್ಷ ಹೌದಂದೆ” ಎಂದಳು.

ಇದರಲ್ಲಿ ಬರೀ ಹೆಸರಿನ ಅದಲುಬದಲಾಗಿದ್ದರೆ ನಗಬಹುದಿತ್ತು. ಆದರೆ ನಮ್ಮ ಸಮಿತಿ ಬಸುರಿಯರನ್ನು ಎರಡು ಪಟ್ಟಿ ಮಾಡಿತ್ತು. ತಡವಾದ ಮೊದಲ ಬಸಿರು, ಬಿಪಿ ಇದ್ದವರು ಕೆಂಪು ಪಟ್ಟಿ. ಅವರನ್ನು ಶುಕ್ರವಾರ ಹುಬ್ಬಳ್ಳಿಯಿಂದ ಬರುವ ದೊಡ್ಡ ಡಾಕ್ಟರು ನೋಡುತ್ತಿದ್ದರು, ರಕ್ತ ಮೊದಲೇ ತರಿಸಿ ಇಡುತ್ತಿದ್ದರು, ಆಪರೇಷನ್ನಿನ ದಿನ ಗೊತ್ತು ಮಾಡುತ್ತಿದ್ದರು. ಎರಡು ಸಹಜ ಹೆರಿಗೆ ಆದವರು ಹಸಿರು ಪಟ್ಟಿ. ಅವರಿಗೆ ನರ್ಸುಗಳೇ ಸಾಕು, ಬಿಪಿ ಸ್ವಲ್ಪ ಹೆಚ್ಚು ಕಡಿಮೆ ಇದ್ದರೆ ವಾರಕ್ಕೊಮ್ಮೆ ನೋಡಿದರಾಯಿತು. ಯಾರು ಯಾವ ಪಟ್ಟಿ ಎಂದು ನಿರ್ಧರಿಸುವುದು ಡಾಕ್ಟರಲ್ಲ, ದಾಖಲೆ. ಶಿಫಾರಸಿನಿಂದ ಪಟ್ಟಿ ಬದಲಾಗಬಾರದೆಂದು ಆ ಬೀಗವನ್ನೂ ನಾವೇ ಹಾಕಿದ್ದೆವು. ನನ್ನ ತಂಗಿ ಹಸಿರು ಪಟ್ಟಿಯಲ್ಲಿದ್ದಳು.

“ನಾ ಕೆಂಪಿಗೆ ಹಾಕಿದ್ರ ಅದು ಮತ್ತ ಹಸಿರಿಗೆ ತರ್ತೈತ್ರಿ” ಎಂದರು ಲೇಡಿ ಡಾಕ್ಟರು. “ನಾಲ್ಕು ಸಲ ಹಾಕೀನಿ. ನೀವ ತಿದ್ದಿಸ್ರಿ, ನಿಯಮ ನಿಮ್ಮದ ಐತಲ್ರಿ.”

ಬೇರೆ ಆಸ್ಪತ್ರೆಗೆ ಒಯ್ಯಬಹುದಿತ್ತು ಎಂದು ಓದುವವರು ಹೇಳಬಹುದು. ನನಗೂ ಹೊಳೆಯಿತು. ಆದರೆ ಎಲ್ಲಿಗೆ ಕಳಿಸಿದರೂ ಹಿಂದಿನ ವಿವರದ ಕಾಗದ ನಮ್ಮ ದಾಖಲೆಯಿಂದಲೇ ಅಚ್ಚಾಗಿ ಹೋಗುತ್ತಿತ್ತು. ಹಂಚಿಕೊಳ್ಳುವ ದಾಖಲೆ ಎಂದರೆ ಅದೇ ತಾನೆ. ಅವಳು ಹೋದಲ್ಲೆಲ್ಲ ಆ ಎರಡು ಹೆರಿಗೆಗಳು ಅವಳಿಗಿಂತ ಮೊದಲು ಹೋಗಿ ಕೂತಿರುತ್ತಿದ್ದವು. ಇನ್ನೊಂದು ಕಾರಣವೂ ಇತ್ತು, ಮುಚ್ಚಿಡುವುದಿಲ್ಲ. ಸಮಿತಿಯ ಕಾರ್ಯದರ್ಶಿಯೇ ತನ್ನ ತಂಗಿಯನ್ನು ಬೇರೆ ಕಡೆ ಒಯ್ದ ಎಂದು ಜನ ಆಡಿಕೊಳ್ಳುತ್ತಾರೆ ಎಂಬ ನಾಚಿಕೆ. ಆ ನಾಚಿಕೆಗಾಗಿ ಒಂದು ಶುಕ್ರವಾರವನ್ನು ಕಳೆದುಕೊಂಡೆ. ಇವತ್ತಿಗೂ ಅದಕ್ಕೆ ನನ್ನನ್ನು ನಾನು ಬೈದುಕೊಳ್ಳುತ್ತೇನೆ.

ಅಧ್ಯಕ್ಷರ ಮನೆಗೆ ಹೋಗಿ ತುರ್ತು ಸಭೆ ಕರೆಯಲು ಕೇಳಿಕೊಂಡೆ. ಅವರು ಚಹಾ ತರಿಸಿದರು, ಎಲ್ಲ ಕೇಳಿದರು, ಬೇಜಾರನ್ನೂ ಮಾಡಿಕೊಂಡರು.

“ನೀವು ಹೇಳೂದು ಖರೆ ಇರಬಹುದ್ರಿ. ಆದ್ರ ಇದು ಬಾಯಿಮಾತಾತಲ್ಲ” ಎಂದರು.

ನನ್ನ ವಾಕ್ಯ ನನ್ನ ಮೇಲೆಯೇ ಬಂದು ಬಿದ್ದದ್ದು ಅದೇ ಮೊದಲು. ಅಷ್ಟೇನೂ ಚೆಂದ ಇರಲಿಲ್ಲ.

ಸಭೆ ನಡೆಯಿತು. ಮಕ್ಕಳಾಗಿಲ್ಲ ಎಂಬುದಕ್ಕೆ ಪುರಾವೆ ಬೇಕು ಎಂದರು. ಹುಬ್ಬಳ್ಳಿಯ ಚೀಟಿಗಳನ್ನು ಮುಂದಿಟ್ಟೆ, ಅವೂ ಅವಳು ಹೇಳಿದ್ದನ್ನೇ ಬರೆದುಕೊಂಡವು, ಅದೂ ಬಾಯಿಮಾತೇ ಎಂದರು. ಹುಟ್ಟಿದ ಕೂಸಿಗೆ ಸರ್ಟಿಫಿಕೇಟು ಕೊಡುವವರು ಇದ್ದಾರೆ, ಹುಟ್ಟದ ಕೂಸಿಗೆ ಯಾರು ಕೊಡುತ್ತಾರೆ? ಗಂಗಾವತಿಯವರು, ಪಂಚಾಯಿತಿಯಲ್ಲಿ ವಿಚಾರಿಸಿದರೆ ಸಿಗಬಹುದು ಎಂದು ಸಲಹೆ ಕೊಟ್ಟರು. ಆಗ ಕುಷ್ಟಗಿಯ ನರ್ಸ್ ಮಾತು ತೆಗೆದರು. ಅವರಿಗೆ ನಿವೃತ್ತಿಗೆ ಇನ್ನು ಕೆಲವೇ ತಿಂಗಳಿತ್ತು.

“ಮೊದಲನೇ ಕೂಸು ನನ್ನ ಕೈಯಾಗ ಹುಟ್ಟೇತಿ. ಆ ಹುಡುಗಿ ಬ್ಯಾರೆ, ಈ ಕಾರ್ಡ್ ಬ್ಯಾರೆ ಅಂತ ನನಗ ಅವತ್ತ ಗೊತ್ತಿತ್ರಿ. ಕಾರ್ಡಿನ್ಯಾಗ ಇಪ್ಪತ್ತೇಳು ವರ್ಷ, ಎದುರಿಗಿದ್ದಾಕಿ ಇಪ್ಪತ್ತು ದಾಟಿದ್ದಿಲ್ಲ. ಬ್ಯಾನಿ ತಿನ್ನಾಕತ್ತಾಕಿನ ಮುಂದ ಕಾರ್ಡ್ ಹಿಡಕೊಂಡು ಕೂಡ್ರಬೇಕೇನ್ರಿ? ಹೆರಿಗಿ ಮಾಡಿಸಿದೆ. ಬೆಳಿಗ್ಗೆದ್ದು ತಿದ್ದಾಕ ಹೋದ್ರ ಬಾಯಿಮಾತು ನಡ್ಯಂಗಿಲ್ಲ ಅಂತ ನಿಮ್ಮ ಗುಮಾಸ್ತ ಹೇಳಿದ.”

ನಾನು ನಡಾವಳಿ ಬರೆಯುತ್ತಿದ್ದೆ, ನನ್ನ ಪೆನ್ನು ನಿಂತಿತು. ಕೊನೆಗೆ ನಿಯಮದೊಳಗೇ ಒಂದು ದಾರಿ ಸಿಕ್ಕಿತು. ಆ ಹೆರಿಗೆಗಳು ಯಾರವೋ ಆಕೆ ಅವು ತನ್ನವು ಎಂದು ಬರೆದುಕೊಡಬೇಕು. ಕಾರ್ಡಿನ ಒಡತಿ ಅವು ತನ್ನವಲ್ಲ ಎಂದು ಸಹಿ ಮಾಡಬೇಕು. ತಿದ್ದಿದ ಸಂಗತಿಯನ್ನು ಇಬ್ಬರು ಸದಸ್ಯರ ಎದುರು, ಆ ಒಡತಿಗೆ ತಿಳಿಯುವ ಭಾಷೆಯಲ್ಲಿ, ಗಟ್ಟಿಯಾಗಿ ಓದಿ ಹೇಳತಕ್ಕದ್ದು. ಅನಕ್ಷರಸ್ಥರಿಗೆ ಅನ್ಯಾಯ ಆಗಬಾರದೆಂದು ಈ ಕೊನೆಯ ಮಾತು ಸೇರಿಸಿದ್ದು ನಾನು. ಸೇರಿಸಿದ ದಿನ ಎಲ್ಲರೂ ನನ್ನನ್ನು ಹೊಗಳಿದ್ದರು.

ಮನೆಗೆ ಬಂದು ತಂಗಿಗೆ ಹೇಳಿದೆ. ಅವಳು ಹಾಸಿಗೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಕಾಗದ ತೆಗೆದುಕೊಂಡು ಓದಿದಳು, ಎರಡನೆಯ ಸಲ ಓದಿದಳು, ಮಡಚಿ ನನ್ನ ಕೈಗೇ ಕೊಟ್ಟಳು.

“ಇರ್ಲಿ ಬಿಡು ಯಣ್ಣ.”

“ಏನು ಇರ್ಲಿ ಬಿಡು? ನಿನ್ನ ಬಿಪಿ ಎಷ್ಟೈತಿ ಗೊತ್ತೈತೇನು?”

“ಗೊತ್ತೈತಿ. ಆದ್ರ ಇಷ್ಟು ವರ್ಷದಾಗ ನನಗ ಮಕ್ಕಳದಾವ ಅಂತ ಹೇಳಿದ್ದು ನಿಮ್ಮ ಕಂಪ್ಯೂಟರ್ ಒಂದ. ಅದರ ಬಾಯಿ ಯಾಕ ಮುಚ್ಚಿಸ್ತಿ?”

ನಾನು ಬೈದೆ, ಗೋಗರೆದೆ, ಅವಳ ಗಂಡನಿಗೆ ಫೋನು ಹಚ್ಚಿದೆ. ಅವನೂ ಹೇಳಿದ. ಅವಳು ಗೋಡೆಯ ಕಡೆ ಮುಖ ಮಾಡಿದಳು. ನನಗೆ ಸಿಟ್ಟು ಬಂತು, ಸಿಟ್ಟಿನ ಕೆಳಗೆ ದಿಗಿಲು. ಆ ವಾರದ ಶುಕ್ರವಾರವೂ ಹೋಯಿತು. ನರ್ಸುಗಳು ನೋಡಿದಾಗ ಬಿಪಿ ಇನ್ನೂ ಮೇಲೆ ಹೋಗಿತ್ತು, ಮುಖವೂ ಬಾತುಕೊಂಡಿತ್ತು. ಇನ್ನು ಒಂದು ಶುಕ್ರವಾರ ತಪ್ಪಿದರೆ ಕೂಸಿನದೂ ತಾಯಿಯದೂ ತಾನು ಹೇಳಲಾರೆ ಎಂದು ಲೇಡಿ ಡಾಕ್ಟರು ನೇರವಾಗಿಯೇ ಹೇಳಿದರು.

ಬುಧವಾರ ಕುಷ್ಟಗಿಯ ನರ್ಸ್, ಗಂಗಾವತಿಯವರು ಇಬ್ಬರೂ ಬಸ್ಸಿಗೆ ನಮ್ಮ ಮನೆಗೆ ಬಂದರು. ಊರಿಂದ ನೆಗೆಣ್ಣಿಯೂ ಎರಡು ಮಕ್ಕಳನ್ನು ಕರೆದುಕೊಂಡು ಬಂದಳು. ದೊಡ್ಡವ್ವನನ್ನು ನೋಡಬೇಕೆಂದು ಅವು ಊಟ ಬಿಟ್ಟಿದ್ದವಂತೆ. ನೆಗೆಣ್ಣಿ ತನ್ನ ಹೇಳಿಕೆಗೆ ಸಹಿ ಮಾಡಿ, ನನ್ನ ತಂಗಿಯ ಕಾಲ ಹತ್ತಿರ ಕೂತು ಅತ್ತಳು. “ಯಕ್ಕ, ನನ್ನಿಂದ ಆತು” ಎಂದಳು. ತಂಗಿ ಅವಳ ತಲೆಯ ಮೇಲೆ ಕೈ ಇಟ್ಟು, “ನೀ ಕೇಳಿದಿ, ನಾ ಕೊಟ್ಟೆ. ಅಳಬ್ಯಾಡ” ಎಂದಳು. ಮಕ್ಕಳು ಹಾಸಿಗೆಯ ಮೇಲೆ ಹತ್ತಿ ಅವಳ ಅಕ್ಕಪಕ್ಕ ಕೂತಿದ್ದವು. ದೊಡ್ಡದು, ಎಂಟು ವರ್ಷದ ಹುಡುಗಿ, ಅವಳ ಬಾತ ಕೈಯನ್ನು ಒತ್ತಿ ಒತ್ತಿ ಬೆರಳಿನ ಗುರುತು ಮೂಡುವುದನ್ನು ನೋಡುತ್ತಿದ್ದಳು.

ಕಾಗದದ ವಿಷಯಕ್ಕೆ ತಂಗಿ ಮತ್ತೆ ತಲೆ ಅಲ್ಲಾಡಿಸಿದಳು. ಆಗ ನರ್ಸ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಅವರ ದನಿ ಹೆರಿಗೆ ಕೋಣೆಯಲ್ಲಿ ಇರುತ್ತಿದ್ದ ಹಾಗೇ ಇತ್ತು, ಅದರಲ್ಲಿ ಬೇಡಿಕೆ ಇರಲಿಲ್ಲ.

“ತಂಗಿ, ನೀ ಸಹಿ ಮಾಡಿದ್ರ ಈ ಎರಡು ಎಲ್ಲೂ ಹೋಗಂಗಿಲ್ಲ. ಮಾಡ್ಲಿಲ್ಲಂದ್ರ ನೀ ಹೋಗ್ತಿ. ಆಮ್ಯಾಲ ಇವಕ್ಕ ದೊಡ್ಡವ್ವ ಯಾರು?”

ತಂಗಿ ಚಿಕ್ಕದರ ಅಂಗಿಯ ಗುಂಡಿ ಹಾಕಿದಳು. ಕೊನೆಗೆ ನನ್ನ ಕಡೆ ನೋಡಿ, “ಗಟ್ಟಿಯಾಗಿ ಓದ್ಬೇಕೇನ?” ಎಂದು ಕೇಳಿದಳು. ಹೌದು ಎಂದೆ. ಹೌದು ಎನ್ನುವಾಗ ನಿಯಮ ಬರೆದವನನ್ನು ಹಿಡಿದು ಹೊಡೆಯಬೇಕು ಅನ್ನಿಸಿತು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ದಾಖಲೆ ತಿದ್ದುವುದಕ್ಕೆ ಎರಡೇ ನಿಮಿಷ ಸಾಕಾಯಿತು. ಕಂಪ್ಯೂಟರು ಅವಳನ್ನು ಕೆಂಪು ಪಟ್ಟಿಗೆ ತಂದಿತು, ದೊಡ್ಡ ಡಾಕ್ಟರು ಶುಕ್ರವಾರ ನೋಡಿ ಅಲ್ಲೇ ಉಳಿಸಿಕೊಂಡರು, ದಿನ ತುಂಬುವ ಮೊದಲೇ ಆಪರೇಷನ್ ಮಾಡಿ ಕೂಸನ್ನು ತೆಗೆದರು. ಹೆಣ್ಣು. ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು, ಈಗ ಸಾಲಿಗೆ ಹೋಗುತ್ತದೆ, ಬಲು ಹಟಮಾರಿ. ಸಮಿತಿ ತನ್ನ ವಾಕ್ಯವನ್ನು ಬದಲಿಸಿತು. ಹೊಸ ವಾಕ್ಯವನ್ನು ಬರೆಯಲು ನನಗೇ ಹೇಳಿದರು. ನಾನು ಒಲ್ಲೆ ಎಂದು, ಕುಷ್ಟಗಿಯ ನರ್ಸ್ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡೆ. ‘ಮೊದಲು ಅವರನ್ನು ಕೇಳಬೇಕು.’ ಅಧ್ಯಕ್ಷರಿಗೆ ಅದು ನಿಯಮದ ಹಾಗೆ ಕಾಣಲಿಲ್ಲ, ಆದರೂ ಸಹಿ ಮಾಡಿದರು.

ಆದರೆ ಆ ಬುಧವಾರ ಮಧ್ಯಾಹ್ನ ಇದೆಲ್ಲ ಇನ್ನೂ ಆಗಿರಲಿಲ್ಲ. ನಾನು ಕಾಗದ ಬಿಡಿಸಿದೆ. ಗಂಗಾವತಿಯವರು ಸಾಕ್ಷಿಯ ಜಾಗದಲ್ಲಿ ಬೆರಳಿಟ್ಟು ಕಾಯುತ್ತಿದ್ದರು.

“ನಿಂದ್ರು” ಎಂದಳು ತಂಗಿ. ಮಕ್ಕಳ ಕಡೆ ತಿರುಗಿ, “ಹೊರಗ ಕಟ್ಟಿ ಮ್ಯಾಲ ಹೋಗಿ ಆಡ್ರಿ. ನಾ ಕರಿಯೂತನಕ ಒಳಗ ಬರಬ್ಯಾಡ್ರಿ” ಎಂದಳು. ಚಿಕ್ಕದು ಒಲ್ಲೆ ಎಂದಿತು. ದೊಡ್ಡದು ಅದರ ಕೈ ಹಿಡಿದು ಎಳೆದುಕೊಂಡು ಹೋಯಿತು. ಬಾಗಿಲು ಹಾಕು ಎಂದು ತಂಗಿ ನನಗೆ ಸನ್ನೆ ಮಾಡಿದಳು, ಹಾಕಿ ಬಂದೆ.

ಕಾಗದದಲ್ಲಿ ಮೂರು ಸಾಲು ಇದ್ದವು. ‘ಈ ಕಾರ್ಡಿನಲ್ಲಿ ನಮೂದಾದ ಎರಡು ಹೆರಿಗೆಗಳು ನನ್ನವಲ್ಲ. ಆ ಇಬ್ಬರು ಮಕ್ಕಳು ನನ್ನ ಮಕ್ಕಳಲ್ಲ. ಈವರೆಗೆ ನನಗೆ ಮಕ್ಕಳಾಗಿಲ್ಲ.’ ನಾನೇ ಬರೆದ ಸಾಲುಗಳು, ನನ್ನದೇ ದುಂಡನೆಯ ಅಕ್ಷರ. ಮೊದಲನೆಯದನ್ನು ಸರಿಯಾಗಿ ಓದಿದೆ. ಎರಡನೆಯದನ್ನು ಕಾಗದದಿಂದ ಕಣ್ಣೆತ್ತದೆ ಗಡಿಬಿಡಿಯಲ್ಲಿ ಓದಿದೆ. ಮೂರನೆಯದನ್ನು ಅವಳೇ ನನ್ನ ಕೈಯಿಂದ ಕಾಗದ ತೆಗೆದುಕೊಂಡು, ನಿಯಮದಂತೆ ಗಟ್ಟಿಯಾಗಿ, ಒಂದೊಂದೇ ಅಕ್ಷರ ಓದಿದಳು. ಬಾತ ಬೆರಳುಗಳಲ್ಲಿ ಪೆನ್ನು ನಿಲ್ಲುತ್ತಿರಲಿಲ್ಲ, ಎಡಗೈ ಆಸರೆ ಕೊಟ್ಟು ಸಹಿ ಮಾಡಿದಳು. ನರ್ಸ್ ಸಹಿ ಮಾಡಿದರು, ಗಂಗಾವತಿಯವರು ಸಹಿ ಮಾಡಿದರು.

“ಮುಗೀತಿಲ್ಲೋ ಯಣ್ಣ?” ಎಂದು ತಂಗಿ ಕೇಳಿದಳು.

“ಮುಗೀತು.”

“ಹಂಗಾರ ಬಾಗಲಾ ತಗಿ. ನನ್ನ ಮಕ್ಕಳನ್ನ ಒಳಗ ಕರಿ.”